ಮಾವ್ಲುದಾ ನಂಬಿ ಹೇಳಿಕೊಂಡದ್ದು

ಮಾರ್ಗಿಲಾನ್ ಪಟ್ಟಣದ ಆ ಓಣಿಯಲ್ಲಿ ಮಾವ್ಲುದಾಳಷ್ಟು ಚೆನ್ನಾಗಿ ರೊಟ್ಟಿ ಸುಡುವ ಸೊಸೆ ಇನ್ನೊಬ್ಬಳಿರಲಿಲ್ಲ. ಎದುರಿಗೆ ಬೈಯುವ ಅತ್ತೆ ರೋಬಿಯಾಳೇ ಹಿಂದಿನಿಂದ ಹೊಗಳುತ್ತಿದ್ದಳು ಎಂದ ಮೇಲೆ ನೀವೇ ಲೆಕ್ಕ ಹಾಕಿ. ಅಂಥವಳು ಮೊದಲ ಹೆರಿಗೆಯಾದ ಮೇಲೆ ತಂದೂರಿನ ಮುಂದೆ ಕೂತು, ರೊಟ್ಟಿ ಕರಕಲಾಗುವುದನ್ನು ಸುಮ್ಮನೆ ನೋಡತೊಡಗಿದಳು. ಮಗು ಓಯ್ದಿನ್ ಅತ್ತರೆ ಪಕ್ಕದ ಮನೆಯ ಮಗು ಅತ್ತ ಹಾಗೆ ಕೇಳಿಸುತ್ತಿತ್ತು. ಎತ್ತಿಕೊಳ್ಳುತ್ತಿದ್ದಳು, ಹಾಲು ಕುಡಿಸುತ್ತಿದ್ದಳು, ತೊಳೆದು ಬಟ್ಟೆ ಸುತ್ತುತ್ತಿದ್ದಳು. ಒಳಗೆ ಮಾತ್ರ ಏನೂ ಮಿಸುಕುತ್ತಿರಲಿಲ್ಲ. ರಷ್ಯಾದಲ್ಲಿ ಗಾರೆ ಕೆಲಸಕ್ಕಿದ್ದ ಗಂಡ ಇಲ್ಹೋಮ್, "ನಿದ್ದೆಗೆಟ್ಟಿದೀಯ ಅಷ್ಟೆ, ಅಮ್ಮ ಹೇಳ್ದಂಗೆ ಕೇಳ್ಕೊಂಡಿರು" ಎಂದು ಫೋನಿಟ್ಟ.

ಮಸೀದಿಯಲ್ಲಿ ಗಂಡಸರಿಗೆ ಇಮಾಮ್ ಇದ್ದ ಹಾಗೆ, ಮನೆಗಳಲ್ಲಿ ಹೆಂಗಸರಿಗೆ ಓತಿನ್. ಓಣಿಯ ಓತಿನ್ ಸಲ್ತನತ್ ಒಳ್ಳೆಯ ಹೆಂಗಸೇ, ಇಲ್ಲವೆನ್ನುವುದಿಲ್ಲ. ಸಾವಿನ ಮನೆಯಲ್ಲಿ ಅವಳು ದನಿ ತೆಗೆದರೆ ಕಲ್ಲೂ ಕರಗಬೇಕು. ಮಾವ್ಲುದಾ ಹೋಗಿ ಅವಳ ಮಂಡಿಯ ಹತ್ತಿರ ಕೂತಳು.

"ಹೇಳ್ಕೋ ಮಗಳೇ. ಈ ಕಿವಿಗೆ ಬಿದ್ದದ್ದು ದೇವರಿಗೆ ಬಿಟ್ರೆ ಇನ್ಯಾರಿಗೂ ಹೋಗಲ್ಲ."

"ಮಗು ನಂದು ಅಂತಾನೇ ಅನ್ಸಲ್ಲ, ಅಮ್ಮಾ. ಕೆಳಗೆ ಮಲಗಿಸಿ, ರಸ್ತೆ ಮುಗಿಯೋವರೆಗೂ ನಡ್ಕೊಂಡು ಹೋಗ್ಬಿಡೋಣ ಅನ್ಸುತ್ತೆ. ಹಂಗೆ ಅನ್ಸುತ್ತಲ್ಲಾ ಅಂತ ಹೆದರಿಕೆ ಆಗುತ್ತೆ."

ಸಲ್ತನತ್ ಅವಳನ್ನು ತಬ್ಬಿಕೊಂಡು ತಾನೂ ಅತ್ತಳು. ನೀರು ಮಂತ್ರಿಸಿ ಕುಡಿಸಿದಳು. "ಬುಧವಾರ ನಿಮ್ಮನೇಲಿ ಕಷ್ಟ ಕಳೆಯೋ ಪ್ರಾರ್ಥನೆ, ಮುಶ್ಕಿಲ್‌ಕುಶೋದ್ ಇಟ್ಕೋ. ಗಂಟು ತಾನಾಗೇ ಬಿಚ್ಚುತ್ತೆ" ಎಂದಳು. ಎಷ್ಟೋ ವಾರಗಳ ಮೇಲೆ ಮಾವ್ಲುದಾಳಿಗೆ ಆವತ್ತು ಹಸಿವಾಯಿತು.

ಬುಧವಾರ ಓಣಿಯ ಹೆಂಗಸರೆಲ್ಲ ಬಂದರು. ನೆಲಕ್ಕೆ ಬಟ್ಟೆ ಹಾಸಿ, ಒಣದ್ರಾಕ್ಷಿ ಸುರಿದು, ಸುತ್ತ ಕೂತು ಒಂದೊಂದೇ ತೊಟ್ಟು ಬಿಡಿಸಿದರು. ಓತಿನ್ ಕಥೆ ಹೇಳುತ್ತಾಳೆ, ಕೊನೆಗೆ ತೊಟ್ಟುಗಳನ್ನೆಲ್ಲ ಹರಿಯುವ ನೀರಿಗೆ ಬಿಡುತ್ತಾರೆ, ಕಷ್ಟವೂ ಅದರ ಜೊತೆ ಹೋಗುತ್ತದೆ. ಕಷ್ಟ ಏನೆಂದು ಪ್ರಾರ್ಥನೆ ಇಟ್ಟುಕೊಂಡವಳು ಮನಸ್ಸಿನಲ್ಲೇ ನೆನೆದರೆ ಸಾಕು, ಬೇರೆಲ್ಲ ಕಡೆ ಹಾಗೇ. ಆದರೆ ಸಲ್ತನತ್‌ಳದು ತನ್ನದೇ ಒಂದು ಪದ್ಧತಿ. ಬಾಯಿಬಿಟ್ಟು ಹೇಳದ ಗಂಟು ಬಿಚ್ಚುವುದಿಲ್ಲ, ಹತ್ತು ಹೆಂಗಸರು ಕೇಳಿ ಆಮೀನ್ ಅನ್ನಬೇಕು ಎಂದು ಅವಳ ನಂಬಿಕೆ.

ಕಥೆ ಮುಗಿಸಿ ಅವಳು ಎರಡೂ ಕೈ ಎತ್ತಿದಳು. ಗಳಗಳ ಅಳುತ್ತ ಅಂದಳು: "ದೇವರೇ, ಈ ಮಾವ್ಲುದಾಗೆ ತನ್ನ ಮಗೂನೇ ಬೇಡವಾಗಿದೆ, ಅದನ್ನ ಬಿಟ್ಟು ಓಡಿಹೋಗೋ ಯೋಚನೆ ಬರ್ತಿದೆ. ಅವಳ ಮನಸ್ಸಿಗೆ ತಾಯ್ತನ ಹಾಕಪ್ಪಾ!"

"ಆಮೀನ್" ಎಂದರು ಎಲ್ಲರೂ. ಥೂ, ಎಂಥ ಆಮೀನ್ ಅದು! ಬಾಯಿ ಆಮೀನ್ ಅನ್ನುತ್ತಿದ್ದರೆ ಕಣ್ಣುಗಳೆಲ್ಲ ಮಾವ್ಲುದಾಳ ಮೈಮೇಲಿದ್ದವು. ರೋಬಿಯಾ ಎದ್ದು ತೊಟ್ಟಿಲ ಹತ್ತಿರ ಹೋಗಿ, ಮಗುವನ್ನು ಎತ್ತಿಕೊಂಡು ತನ್ನ ಕೋಣೆಗೆ ನಡೆದಳು. ಅವತ್ತಿನಿಂದ ಹಾಲು ಕುಡಿಸುವ ಹೊತ್ತಿಗೆ ಮಾತ್ರ ಓಯ್ದಿನ್ ತಾಯಿಯ ಕೈಗೆ ಬರುತ್ತಿದ್ದಳು, ಅದೂ ಅಜ್ಜಿ ಎದುರಿಗೇ ಕೂತಿರುವಾಗ.

ತಮಾಷೆ ನೋಡಿ, ಮಗು ಕೈತಪ್ಪಿದ ಮೇಲೆ ಮಾವ್ಲುದಾಳಿಗೆ ಗೋಡೆಯಾಚೆಯ ಅಳು ಕರುಳಿಗೆ ತಾಗತೊಡಗಿತು. ಮಗು ವಾಪಸ್ ಬೇಕಾದರೆ ತಾನು ಹುಷಾರಾಗಬೇಕು ಎಂದುಕೊಂಡು ಪಾಲಿಕ್ಲಿನಿಕ್ಕಿಗೆ ಹೋದಳು. ಅಲ್ಲಿ ಝುಲೈಹೊ ಎಂಬ ಮನಶ್ಶಾಸ್ತ್ರಜ್ಞೆ, ತಾಷ್ಕೆಂಟಿನಲ್ಲಿ ಓದಿ ಬಂದವಳು, ಬಾಗಿಲು ಹಾಕಿಕೊಂಡು ಚಹಾ ಕೊಟ್ಟಳು.

"ಇದು ಹುಚ್ಚಲ್ಲ ಮಾವ್ಲುದಾ. ಹೆರಿಗೆ ಆದ ಮೇಲೆ ಎಷ್ಟೋ ಜನಕ್ಕೆ ಬರುತ್ತೆ, ವಾಸೀನೂ ಆಗುತ್ತೆ. ಇಲ್ಲಿ ಆಡಿದ್ದು ಇಲ್ಲೇ ಇರುತ್ತೆ."

ಒಮ್ಮೆ ಸುಟ್ಟುಕೊಂಡ ಮಾವ್ಲುದಾ ಮೊದಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟಳು. ಗಂಡನ ಮೇಲಿನ ಸಿಟ್ಟು, ಅತ್ತೆಯ ಹೆಜ್ಜೆ ಸಪ್ಪಳ ಕೇಳಿದರೇ ಹೊಟ್ಟೆ ತೊಳಸುವುದು, ಎಲ್ಲ ಹೇಳಿದಳು. ಹೇಳಿದಷ್ಟೂ ಹಗುರಾದಳು. ನಿದ್ದೆ ಹತ್ತಿತು. ರೊಟ್ಟಿ ಕೆಂಪಗೆ ಬಂತು. ಒಂದು ದಿನ ಹಾಲು ಕುಡಿಯುತ್ತಿದ್ದ ಓಯ್ದಿನ್ ಮೂಗು ಸುಕ್ಕಿಸಿದ್ದಕ್ಕೆ ಗೊಳ್ಳೆಂದು ನಕ್ಕಳು, ನಕ್ಕವಳು ತಾನೇ ಬೆರಗಾದಳು.

ಅದೇ ವಾರ ರೋಬಿಯಾ ಹಿಟ್ಟು ನಾದುತ್ತಾ, ತಲೆ ಎತ್ತದೆ ಕೇಳಿದಳು: "ನನ್ನ ಹೆಜ್ಜೆ ಸಪ್ಪಳಕ್ಕೆ ನಿಂಗೆ ಹೊಟ್ಟೆ ತೊಳಸುತ್ತಂತೆ? ಬರಿಗಾಲಲ್ಲಿ ಓಡಾಡ್ಲೇನೆ, ಮಹಾರಾಣಿ?"

ಮಾವ್ಲುದಾ ಚಪ್ಪಲಿ ಮೆಟ್ಟಿ ಪಾಲಿಕ್ಲಿನಿಕ್ಕಿಗೆ ಓಡಿದಳು. ಝುಲೈಹೊ ಮುಖ ತಪ್ಪಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನಿಮ್ಮತ್ತೆ ಬಂದು ಕಣ್ಣೀರು ಹಾಕಿದ್ರು. ದೊಡ್ಡೋರು, ಹೇಳಲ್ಲ ಅನ್ನೋಕಾಗುತ್ತಾ? ಮನೆಯೋರ ಸಹಕಾರ ಇಲ್ದೆ ನೀನು ವಾಸಿ ಆಗೋದಾದ್ರೂ ಹೇಗೆ?"

"ಇಲ್ಲೇ ಇರುತ್ತೆ ಅಂದಿದ್ರಲ್ಲ."

"ಮನೆಯೋರು ಹೊರಗಿನೋರಾ ಮಾವ್ಲುದಾ?"

ಅವಳು ಮನೆಗೆ ಬರುವಷ್ಟರಲ್ಲಿ ಓಯ್ದಿನ್ ಇರಲಿಲ್ಲ. ರೋಬಿಯಾ ಮಗುವನ್ನು ಫರ್ಗಾನಾದಲ್ಲಿದ್ದ ತನ್ನ ಮಗಳ ಮನೆಗೆ ಸಾಗಿಸಿದ್ದಳು. ಮಾವ್ಲುದಾ ಅತ್ತೆಯ ಕಾಲು ಹಿಡಿದಳು. ರೋಬಿಯಾ ಒಂದೇ ಮಾತು ಹೇಳಿದಳು: "ಇನ್ನು ಆ ಡಾಕ್ಟರಮ್ಮನ ಹತ್ರ ಹೋಗ್ಕೂಡ್ದು. ಓತಿನ್ ಎದುರಿಗೆ, ಓಣಿ ಹೆಂಗಸರ ಎದುರಿಗೆ ನಂಗೆ ವಾಸಿಯಾಯ್ತು ಅನ್ನು. ನಮ್ಮನೆ ಮರ್ಯಾದೆ ಉಳೀಲಿ. ಮಗು ಬರುತ್ತೆ."

ಮತ್ತೆ ಬಟ್ಟೆ ಹಾಸಿದರು. ಮತ್ತೆ ದ್ರಾಕ್ಷಿ. ಮಾವ್ಲುದಾ ತಲೆವಸ್ತ್ರ ಸರಿಮಾಡಿಕೊಂಡು, "ಓತಿನ್ ಅವರ ಪ್ರಾರ್ಥನೆಯಿಂದ ವಾಸಿಯಾಯ್ತು" ಎಂದಳು. ನಿಜದಲ್ಲಿ ನಿದ್ದೆ ಮತ್ತೆ ಹಾರಿಹೋಗಿತ್ತು, ಎದೆಹಾಲೂ ಬತ್ತುತ್ತಿತ್ತು. ಯಾರಿಗೆ ಹೇಳುವುದು? ಸಲ್ತನತ್ ಈ ಸಲವೂ ಅತ್ತಳು, ಸಂತೋಷಕ್ಕೆ. ಓಯ್ದಿನ್ ಮನೆಗೆ ಬಂದಳು.

ಚಳಿಗಾಲದ ಮೊದಲಿಗೆ ಎದುರುಮನೆಯ ಸೊಸೆ ನಫೋಸತ್ ರೊಟ್ಟಿ ಒಯ್ಯಲು ಬಂದಳು. ಹೊಸ ಬಾಣಂತಿ. ಕಣ್ಣು ಒಳಗೆ ಹೋಗಿತ್ತು, ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡಿದ್ದಳು. ಮಾವ್ಲುದಾಳಿಗೆ ನೋಡಿದ ಕೂಡಲೇ ಗೊತ್ತಾಯಿತು.

"ಅಕ್ಕಾ, ನಂಗೇನೋ ಆಗ್ತಿದೆ" ಎಂದಳು ಆ ಹುಡುಗಿ ಸಣ್ಣ ದನಿಯಲ್ಲಿ. "ಓತಿನ್ ಹತ್ರ ಹೇಳ್ಕೊಂಡ್ರೆ ನಿಜವಾಗ್ಲೂ ವಾಸಿ ಆಗುತ್ತಾ? ನಿಮಗಾಯ್ತಂತಲ್ಲ?"

ಹಜಾರದಲ್ಲಿ ರೋಬಿಯಾ ಓಯ್ದಿನ್‌ಳನ್ನು ಭುಜಕ್ಕೆ ಹಾಕಿಕೊಂಡು ನಿಂತಿದ್ದಳು. ಬೆನ್ನು ತಟ್ಟುತ್ತಿದ್ದ ಅವಳ ಕೈ ಗಕ್ಕನೆ ನಿಂತಿತು.

"ಹೂಂ ಕಣೇ" ಎಂದಳು ಮಾವ್ಲುದಾ. "ಹೋಗು. ಏನೂ ಮುಚ್ಚಿಡಬೇಡ, ಎಲ್ಲಾ ಹೇಳ್ಕೋ."

ನಫೋಸತ್ ಅವಳ ಕೈಯನ್ನು ಕಣ್ಣಿಗೊತ್ತಿಕೊಂಡು, ರೊಟ್ಟಿ ತೆಗೆದುಕೊಂಡು, ನೇರ ಸಲ್ತನತ್‌ಳ ಮನೆಯ ಕಡೆ ಹೊರಟಳು. ರೋಬಿಯಾ ಬಂದು ಮಗುವನ್ನು ಸೊಸೆಯ ತೊಡೆಯ ಮೇಲೆ ಹಾಕಿದಳು.