ನಮ್ಮ ಮನೆಗೆ ಬಾರದ ಕರೆಂಟು

ಇವತ್ತು ಬೆಳಿಗ್ಗೆ ಕಲಬುರಗಿಯ ನಮ್ಮ ಗಾಜಿಪುರದ ಓಣಿಯಲ್ಲಿ ಕರೆಂಟ್ ತೆಗೆದು, ತಂತಿಗೆ ತಾಗುತ್ತಿದ್ದ ಬೇವಿನ ಟೊಂಗೆಗಳನ್ನು ಕಡಿಯುತ್ತಿದ್ದರು. ಹಸಿ ಬೇವಿನ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಚಿಕ್ಕಂದಿನ ಕಮಲಾಪುರದ ನಮ್ಮ ಅಂಗಳದಲ್ಲಿದ್ದೆ.

ಆಗ ನಿಜಾಮರ ಕಾಲ. ಕಲಬುರಗಿಯಲ್ಲಿ ಕರೆಂಟ್ ದೀಪ ನೋಡಿಬಂದ ಊರವರು ತಾವೇ ಒಂದು ಸಂಘ ಕಟ್ಟಿ, ಎಂಜಿನ್ ತಂದು ಊರಿಗೆ ಬೆಳಕು ಕೊಡಲು ಹೊರಟಿದ್ದರು. ಕಂಬಕ್ಕೆಂದು ಮನೆಗೊಂದು ಮರ ಕೊಡಬೇಕಿತ್ತು. ನಮ್ಮಲ್ಲಿದ್ದದ್ದು ನೆಟ್ಟಗೆ ಬೆಳೆದ ಒಂದೇ ಬೇವು. ಕಣ್ಣು ಹೋಗಿದ್ದ ಅಜ್ಜಿ ದಿನವಿಡೀ ಅದರ ನೆರಳಲ್ಲೇ ಕೂರುತ್ತಿದ್ದಳು. ಅಪ್ಪ ಹಿಂದೆಮುಂದೆ ನೋಡಿದ. ಅಜ್ಜಿಯೇ ಹೇಳಿದಳು:

"ಕಡೀರಿ. ಕಂದೀಲಿನ ಬೆಳಕು ನನಗ ಸಾಲಂಗಿಲ್ಲ. ಕರೆಂಟ್ ಸೂರ್ಯಾನಂಗ ಇರ್ತದಂತ. ಅದರಾಗ ಮೊಮ್ಮಗಳ ಮಾರಿ ಕಾಣ್ತದ."

ಬಲ್ಬು ಹೊತ್ತಿದ ಸಂಜೆ ನಾವೆಲ್ಲ ರೂಢಿಯಂತೆ ದೀಪಕ್ಕೆ ಕೈ ಮುಗಿದೆವು. ಅಜ್ಜಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ನನ್ನ ಮುಖದತ್ತ ಕಣ್ಣರಳಿಸಿ ಅಪ್ಪನನ್ನು ಕೇಳಿದಳು: "ಬಂತೇನೋ ಕರೆಂಟ್?"

ಅಪ್ಪ ಬಲ್ಬನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಇನ್ನಾ ಇಲ್ಲ ಯವ್ವಾ" ಅಂದ.

ಅವತ್ತಿನಿಂದ ಅವಳು ಕೇಳಿದಾಗಲೆಲ್ಲ ಮನೆಮಂದಿ ಅದನ್ನೇ ಹೇಳಿದೆವು. ಅಜ್ಜಿ ಸಾಯುವ ತನಕ ನಮ್ಮ ಮನೆಗೆ ಕರೆಂಟ್ ಬರಲೇ ಇಲ್ಲ.

ಈಗಷ್ಟೇ ಲೈನ್‌ಮನ್ ಓಣಿಯಿಂದ ಕೂಗಿದ: "ಅಮ್ಮಾರ, ಕರೆಂಟ್ ಬಂತೇನ್ರಿ?"

ತಲೆಯ ಮೇಲೆ ದೀಪ ಉರಿಯುತ್ತಿತ್ತು.

"ಇನ್ನಾ ಇಲ್ಲಪ್ಪಾ" ಅಂದುಬಿಟ್ಟೆ.