ಬಣ್ಣ ಬಳಿದ ಗಂಟು

ಅದು 1942ರ ಬೇಸಿಗೆ. ಮಾನ್ವಿ ತಾಲೂಕಿನ ಮಲ್ಲಟದ ನಾನು, ದೇವದುರ್ಗದ ಹನುಮಂತ ಇಬ್ಬರೂ ರಾಯಚೂರಿನ ಹತ್ತಿ ಮಿಲ್ಲಿನ ಹಮಾಲಿ ಬಿಟ್ಟು ನೌಕಾಪಡೆ ಸೇರಿದ್ದೆವು. ಕೃಷ್ಣೆ ಬಿಟ್ಟರೆ ಬೇರೆ ನೀರು ಕಾಣದ ನಮಗೆ ಒಂದು ಸಣ್ಣ ಯುದ್ಧ ಹಡಗಿನಲ್ಲಿ, ವಿಮಾನ ಹೊಡೆಯುವ ತೋಪಿನ ಕೆಲಸ ಸಿಕ್ಕಿತು.

ಹಡಗು ಪೂರ್ವ ಕರಾವಳಿಯ ಒಂದು ಬಂದರಿನಲ್ಲಿ ನಿಂತಿತ್ತು. ಜಪಾನಿ ವಿಮಾನಗಳು ಬರಬಹುದೆಂಬ ಗುಸುಗುಸು ಇತ್ತು. ಹಡಗಿನ ಮುಖ್ಯಸ್ಥರಾದ ನಮ್ಮ ಸಾಹೇಬರಿಗೆ ಮಾತ್ರ ಅದಕ್ಕಿಂತ ದೊಡ್ಡ ಚಿಂತೆ, ತಪಾಸಣೆಗೆ ಬರಲಿದ್ದ ಹಿರಿಯ ಅಧಿಕಾರಿಯದು. ಹಿತ್ತಾಳೆ ತಿಕ್ಕಿಸಿದರು, ಡೆಕ್ಕು ತೊಳೆಸಿದರು. ತೋಪಿಗೆ ಹೊಸ ಕ್ಯಾನ್ವಾಸ್ ಹೊದಿಸಿ, ಹಗ್ಗದಿಂದ ಬಿಗಿಸಿ, ಆ ಹಗ್ಗಕ್ಕೂ ಬಿಳಿ ಬಣ್ಣ ಬಳಿಸಿದರು. ಬಿಳಿ ಸಮವಸ್ತ್ರಕ್ಕೆ ಒಪ್ಪುವುದಿಲ್ಲವೆಂದು ನಮ್ಮ ಸೊಂಟದ ಚಾಕುಗಳನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು.

ಬಣ್ಣ ಒಣಗಿದರೆ ಗಂಟು ಬಿಚ್ಚುವುದಿಲ್ಲ ಎಂದು ಹನುಮಂತ ತನ್ನ ರಾಯಚೂರು ಉರ್ದುವಿನಲ್ಲಿ ಹೇಳಿ ನೋಡಿದ. ಹೇಳಿದಷ್ಟು ಮಾಡು ಎಂದರು ಸಾಹೇಬರು.

"ಲಗ್ನಕ್ಕ ಬಂದೀವೋ, ಲಡಾಯಿಗೆ ಬಂದೀವೋ ತಿಳಿವಲ್ದು ಲೇ" ಎಂದು ನನ್ನ ಕಿವಿಯಲ್ಲಿ ಗೊಣಗಿದ.

ತಪಾಸಣೆಯ ಬೆಳಿಗ್ಗೆ ಸಾಲಾಗಿ ನಿಂತು ಕಾಯುತ್ತಿದ್ದೆವು. ಅಧಿಕಾರಿಗಿಂತ ಮೊದಲು ವಿಮಾನಗಳು ಬಂದವು. ಪಕ್ಕದ ಹಡಗುಕಟ್ಟೆಯ ಮೇಲೆ ಬಾಂಬು ಬಿತ್ತು. ತೋಪಿನ ಬಳಿ ಓಡಿದೆವು. ಗುಂಡು ಸಿದ್ಧವಿತ್ತು, ನಾವೂ ಸಿದ್ಧವಿದ್ದೆವು, ಗಂಟು ಮಾತ್ರ ಕಲ್ಲಾಗಿತ್ತು. ಹಲ್ಲಿನಿಂದ ಕಚ್ಚಿ ಎಳೆದೆ. ಬಾಯಿ ತುಂಬ ಬಣ್ಣದ ಚೂರು ಬಂತು, ಅಷ್ಟೆ.

ಆಗ ಹನುಮಂತ ಅಂಗಿ ಎತ್ತಿದ. ಮಿಲ್ಲಿನ ಹಮಾಲರು ಹತ್ತಿಯ ಮೂಟೆ, ಅಂಡಿಗೆಗಳ ಹಗ್ಗ ಕೊಯ್ಯಲು ಸಣ್ಣ ಚಾಕೊಂದನ್ನು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಅವನು ಆ ರೂಢಿ ಬಿಟ್ಟಿರಲಿಲ್ಲ. "ನೀ ಗುಂಡು ಹಿಡ್ಕೊಂಡು ನಿಂದ್ರಲೇ, ನಾ ಕೊಯ್ತೀನಿ" ಎನ್ನುತ್ತ ತೋಪಿನ ಮೇಲೆ ಹತ್ತಿದ. ಕೊನೆಯ ಹಗ್ಗ ಕಡಿದು ಕ್ಯಾನ್ವಾಸ್ ಜಾರುವಾಗಲೇ ವಿಮಾನವೊಂದು ತಗ್ಗಿ ಹಾರಿ ಬಂದು ಗುಂಡು ಸುರಿಸಿತು. ಹನುಮಂತ ಆ ಕ್ಯಾನ್ವಾಸಿನ ಮೇಲೆಯೇ ಬಿದ್ದು ಸತ್ತ. ನಾವು ತೋಪು ಹಾರಿಸುವಷ್ಟರಲ್ಲಿ ವಿಮಾನಗಳು ಬಂದರು ದಾಟಿದ್ದವು.

ಸಂಜೆ ಸಾಹೇಬರು, ನಮ್ಮ ಹಡಗು ತಕ್ಷಣ ಉತ್ತರ ಕೊಟ್ಟಿತೆಂದು ಎಲ್ಲರನ್ನೂ ಹೊಗಳಿದರು. ಆಮೇಲೆ ತುಂಡಾದ ಹಗ್ಗ ಎತ್ತಿ ಹಿಡಿದು, ಇದನ್ನು ಹಾಳು ಮಾಡಿದವರು ಯಾರು ಎಂದು ಕೇಳಿದರು. ಸತ್ತವನು ಎಂದೆ. ತಪಾಸಣೆ ರದ್ದಾಗಿರಲಿಲ್ಲ, ಮುಂದಕ್ಕೆ ಹೋಗಿತ್ತು. ಹೊಸ ಹಗ್ಗ ಬಂತು. ಅದಕ್ಕೆ ಬಣ್ಣ ಬಳಿಯುವ ಕೆಲಸ ನನಗೇ ಬಿತ್ತು.

ರಜೆಯಲ್ಲಿ ದೇವದುರ್ಗಕ್ಕೆ ಹೋಗಿ ನಾನು ಎತ್ತಿಟ್ಟುಕೊಂಡಿದ್ದ ಆ ಚಾಕುವನ್ನು ಅವನ ತಾಯಿಯ ಕೈಗೆ ಕೊಟ್ಟೆ. ನಡೆದದ್ದೆಲ್ಲ ಹೇಳಿದೆ, ಬಣ್ಣದ ಮಾತನ್ನೂ ಮುಚ್ಚಿಡಲಿಲ್ಲ. ಹಿಡಿಯ ಸಂದಿಯಲ್ಲಿ ಸಿಕ್ಕಿದ್ದ ಬಿಳಿ ಬಣ್ಣದ ಚೂರನ್ನು ಆಕೆ ಉಗುರಿನಿಂದ ಕೆರೆಯುತ್ತ ಕೂತಳು.

"ಹಗ್ಗಾನ ಮಿಲ್ಲಿನಾಗೂ ದಿನಾ ಕೊಯ್ತಿದ್ದ. ಅದಕ್ಕ ಅಷ್ಟು ದೂರ ಯಾಕ ಹೋಗಬೇಕಿತ್ತೋ ಯಪ್ಪಾ?" ಎಂದು ಕೇಳಿದಳು.

ಇಂದಿಗೂ ಯಾರೋ ದೊಡ್ಡವರು ಬರುತ್ತಾರೆಂದು ಗೋಡೆಗೆ ಸುಣ್ಣ ಬಳಿಯುವುದನ್ನು ಕಂಡರೆ ನನ್ನ ಬಾಯಲ್ಲಿ ಆ ಬಣ್ಣದ ಕಹಿ ಏಳುತ್ತದೆ.