ಆ ಅಂಬಿಗೆ ಗರಿ ಕಟ್ಟಿದವಳು ನಾನು

ಹಂದಿ ಓಡಿಸುವ ಅಂಬಿಗೆ ಗರಿ ಕಟ್ಟಲು ನನ್ನ ಕೈ ಆಗುತ್ತಿತ್ತು. ವಿಜಯದಶಮಿಯ ಅಂಬಿಗೆ ಮಾತ್ರ ಆಗುತ್ತಿರಲಿಲ್ಲ. ಅದೇ ಬಿದಿರ ಕಡ್ಡಿ, ಅದೇ ಹದ್ದಿನ ಗರಿ, ಅದೇ ಬೇಲದ ಮರದ ಅಂಟು. ಗಂಡ ಸತ್ತ ಮಾತ್ರಕ್ಕೆ ನನ್ನ ಬೆರಳುಗಳಿಗೆ ಏನಾಯಿತೆಂದು ಆ ಊರಿನಲ್ಲಿ ಒಬ್ಬರೂ ಬಿಡಿಸಿ ಹೇಳಲಿಲ್ಲ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ನನ್ನದು ಇಳಿದಿಲ್ಲ.

ಕೊಳ್ಳೇಗಾಲದ ಸೀಮೆ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನನ್ನ ಮದುವೆಯಾಯಿತು. ತವರು ಕೊಳ್ಳೇಗಾಲ. ನನ್ನ ಅವ್ವ ಸೀರೆ ನೇಯುವವರ ಮನೆಗೆ ನೂಲು ಸುತ್ತಿಕೊಡಲು ಹೋಗುತ್ತಿದ್ದಳು, ಅವಳ ಜೊತೆ ಕೂತು ನಾನೂ ರೇಷ್ಮೆ ಎಳೆ ಹಿಡಿಯುವುದನ್ನು ಕಲಿತಿದ್ದೆ. ಗಂಡನ ಮನೆ ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿನ ಊರು. ರಾಗಿ ತೆನೆ ಬಲಿಯುವ ಹೊತ್ತಿಗೆ ಹಂದಿಗಳು ಹೊಲಕ್ಕೆ ಇಳಿಯುತ್ತಿದ್ದವು. ಕೋವಿ ಇದ್ದದ್ದು ಊರ ಗೌಡರ ಮನೆಯಲ್ಲಿ ಮಾತ್ರ. ಉಳಿದವರಿಗೆ ತಮಟೆ, ಕವಣೆ, ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಮಾಡಿದ ಅಂಬು.

ನಮ್ಮ ಮನೆಯಲ್ಲಿ ಕಡ್ಡಿ ಗಂಡಸರದು, ಗರಿ ಹೆಂಗಸರದು. ನನ್ನ ಗಂಡ ಸಣ್ಣ ಬಿದಿರನ್ನು ತಂದು ನೆರಳಲ್ಲಿ ಒಣಗಿಸಿ, ಒಲೆಯ ಕೆಂಡಕ್ಕೆ ಹಿಡಿದು, ಮಂಡಿಯ ಮೇಲೆ ಒತ್ತಿ ನೆಟ್ಟಗೆ ಮಾಡುತ್ತಿದ್ದ. ಒಂದು ಕಣ್ಣು ಮುಚ್ಚಿ ಕಡ್ಡಿಯ ಉದ್ದಕ್ಕೂ ನೋಡುತ್ತಿದ್ದ. ಅದು ಮುಗಿದ ಮೇಲೆ ನನ್ನ ಕೆಲಸ. ಗರಿಯನ್ನು ನಡುವೆ ಸೀಳಿ, ಅಂಚು ಕತ್ತರಿಸಿ, ಅಂಟು ಸವರಿ, ಮೂರು ಕಡೆ ಕೂರಿಸಿ, ನೂಲು ಸುತ್ತಬೇಕು. ಮೂರೂ ಹಕ್ಕಿಯ ಒಂದೇ ಪಕ್ಕದ ರೆಕ್ಕೆಯವಾಗಿರಬೇಕು. ಎಡದ್ದಾದರೆ ಮೂರೂ ಎಡದ್ದು. ಬೆರಕೆಯಾದರೆ ಅಂಬು ಕುಡುಕನ ಹಾಗೆ ಓಲಾಡುತ್ತದೆ. ಅತ್ತೆ ಹತ್ತಿ ನೂಲು ಸುತ್ತುತ್ತಿದ್ದರಂತೆ. ನಾನು ತವರಿನಿಂದ ರೇಷ್ಮೆ ನೂಲು ತಂದು, ಜೇನುಮೇಣ ಉಜ್ಜಿ ಸುತ್ತಿದೆ. ಮಳೆಗೆ ನೆನೆದರೂ ಅದು ಸಡಿಲವಾಗುತ್ತಿರಲಿಲ್ಲ.

ವಿಜಯದಶಮಿಯ ದಿನ ಊರ ಹೊರಗಿನ ಬನ್ನಿಮರದ ಎದುರು ಬಾಳೆದಿಂಡು ನೆಟ್ಟು, ಗೌಡರು ಅದಕ್ಕೆ ಅಂಬು ಹೊಡೆಯುತ್ತಿದ್ದರು. ಅಂಬು ದಿಂಡಿಗೆ ನಾಟಿದರೆ ಊರಿಗೆ ಒಳ್ಳೆಯದು. ಆ ಅಂಬು ಪ್ರತಿ ವರ್ಷ ಹೊಸದಾಗಿ ನಮ್ಮ ಮನೆಯಿಂದಲೇ ಹೋಗಬೇಕು, ಅದಕ್ಕೆ ಗರಿ ಕಟ್ಟುವವಳು ಮುತ್ತೈದೆಯಾಗಿರಬೇಕು. ನಾನು ಬರುವ ಸ್ವಲ್ಪ ಮುಂಚೆ ಮಾವ ತೀರಿಕೊಂಡಿದ್ದರು. ಗರಿ ಕಟ್ಟಲು ಮನೆಗೊಬ್ಬ ಮುತ್ತೈದೆ ಬೇಕೆಂದೇ ನನ್ನ ಗಂಡನ ಮದುವೆಗೆ ಅವಸರ ಮಾಡಿದರಂತೆ. ಇದು ನನಗೆ ಆಮೇಲೆ ತಿಳಿಯಿತು. ಆಗ ನಗು ಬಂದಿತ್ತು.

ದಶಮಿಯ ಬೆಳಿಗ್ಗೆ ನನ್ನ ಗಂಡ ಅಂಬನ್ನು ಹೊಸ ಟವೆಲಿನ ಮೇಲೆ ಮಲಗಿಸಿಕೊಂಡು ಗೌಡರ ಮನೆಗೆ ಹೋಗುತ್ತಿದ್ದ. ದಾರಿಯಲ್ಲಿ ಯಾರು ಕೇಳಲಿ ಬಿಡಲಿ, "ನಮ್ಮವಳ ಕೈ ಕಣ್ಲಾ, ನೋಡು" ಅನ್ನುತ್ತಿದ್ದ. ಇಡೀ ವರ್ಷದಲ್ಲಿ ನನ್ನನ್ನು ಹತ್ತು ಜನರ ಎದುರು ಹೊಗಳುತ್ತಿದ್ದದ್ದು ಅದೊಂದೇ ದಿನ. ಆ ಮಾತಿಗಾಗಿ ನಾನು ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ಅವನು ಜ್ವರ ಬಂದು ಸತ್ತ. ಹನೂರಿನ ಆಸ್ಪತ್ರೆಗೆ ಗಾಡಿಯಲ್ಲಿ ಸಾಗಿಸುವಷ್ಟರಲ್ಲಿ ಮಾತು ನಿಂತಿತ್ತು. ಆ ವರ್ಷದ ದಸರೆ ಹತ್ತಿರ ಬಂದಾಗ, ಅತ್ತೆ ನನ್ನ ಮುಂದಿದ್ದ ಗರಿಗಳ ಕುಕ್ಕೆಯನ್ನು ಎತ್ತಿಕೊಂಡು ಹೋಗಿ ನನ್ನ ಓರಗಿತ್ತಿಯ ಮುಂದೆ ಇಟ್ಟರು. ಮೈದುನನ ಹೆಂಡತಿ ಅವಳು, ಹೊಸ ಹುಡುಗಿ, ಯಳಂದೂರಿನ ಕಡೆಯವಳು, ಗದ್ದೆ ಸೀಮೆಯಲ್ಲಿ ಬೆಳೆದವಳು. ಹದ್ದಿನ ಗರಿ ಮುಟ್ಟಲು ಹೇಸುತ್ತಿದ್ದಳು. "ನೀ ಅಂದಿ ಅಂಬಿಗೆ ಕಟ್ಕೊ ಓಗವ್ವ" ಎಂದರು ಅತ್ತೆ ನನಗೆ. ಅಷ್ಟೇ. ನನ್ನ ಕೈಯಲ್ಲಿ ಅರ್ಧ ಸೀಳಿದ ಗರಿ ಹಾಗೇ ಉಳಿಯಿತು.

ಓರಗಿತ್ತಿ ಎಡದ್ದು ಬಲದ್ದು ನೋಡದೆ, ಚೆನ್ನಾಗಿ ಕಂಡ ಮೂರು ಗರಿ ಆರಿಸಿ ಕಟ್ಟಿದಳು. ಅಂಬು ಬಾಳೆದಿಂಡನ್ನು ಬಿಟ್ಟು ಹುರುಳಿ ಹೊಲಕ್ಕೆ ಹೋಗಿ ಬಿತ್ತು. ಊರಿನವರು ಗೊಣಗಿದರು. ಆ ಹುಡುಗಿ ಮೂಲೆಯಲ್ಲಿ ಕೂತು ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಆಗಲೂ ಇರಲಿಲ್ಲ.

ಮಾರನೆಯ ವರ್ಷ ದಶಮಿಯ ಹಿಂದಿನ ಮಧ್ಯಾಹ್ನ ನಾನು ಹಿತ್ತಲಲ್ಲಿ ಅಲಸಂದೆ ಬಿಡಿಸುತ್ತಿದ್ದೆ. ಅತ್ತೆ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದರು. ಮೈದುನ ನೆಟ್ಟಗೆ ಮಾಡಿದ ಕಡ್ಡಿ, ಮೂರು ಗರಿ, ನೂಲಿನ ಉಂಡೆ.

"ಕಟ್ಟಮ್ಮಿ. ಚಿಕ್ಕೋಳೇ ಕಟ್ಟವ್ಳೆ ಅಂತ ಏಳಾಣ. ಯಾರ್ಗೂ ಉಸ್ರಬ್ಯಾಡ."

"ಓದೊರ್ಸ ಬ್ಯಾಡ ಅಂದ್ರಲ್ಲ ಅತ್ತೆಮ್ಮ. ಈಗ ಊರ್ಗೆ ಕೆಟ್ಟದ್ದಾಗಲ್ವಾ?"

"ಏನೂ ಆಗಲ್ಲ ಕಣಮ್ಮಿ."

"ಆಗಲ್ಲ ಅಂತ ನಿಮ್ಗೆಂಗ್ ಗೊತ್ತು?"

ಅತ್ತೆ ಅವನ್ನೆಲ್ಲ ನನ್ನ ಮುಂದೆ ಇಟ್ಟರು. ಆಮೇಲೆ ನೆಲ ನೋಡಿಕೊಂಡು ಹೇಳಿದರು. "ನೀ ಬಂದ ಮೊದ್ಲೊರ್ಸ ನೀ ಕಟ್ಟಿದ್ ಗರಿ ಓರೆಯಾಗಿತ್ತು. ನೀ ನೀರ್ಗೋದಾಗ ಬಿಚ್ಬುಟ್ಟು ನಾನೇ ಕಟ್ದೆ. ಆಮೇಕೂ ಮೂರ್ನಾಕ್ ವರ್ಸ ಅಂಗೇ. ನಿಮ್ ಮಾವ ಇರ್ಲಿಲ್ಲ ಆಗ. ಊರ್ಗೇನಾಯ್ತು? ಕಣ್ಣು ಮಂಜಾದ್ ಮ್ಯಾಲೆ ನಿಂಗೇ ಬುಟ್ಟೆ."

ನನಗೆ ಮೈಯೆಲ್ಲ ಉರಿಯಿತು. ಗಂಡ ಟವೆಲಿನ ಮೇಲೆ ಮಲಗಿಸಿಕೊಂಡು ಹೋದ ಎಷ್ಟೋ ಅಂಬುಗಳು ನನ್ನವಲ್ಲ. ಅವನು ಹೊಗಳಿದ್ದು ತಾಯಿಯ ಕೈಯನ್ನು, ನಾನು ಬಾಗಿಲ ಹಿಂದೆ ನಿಂತು ಉಬ್ಬಿಹೋಗುತ್ತಿದ್ದೆ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ವಿಧವೆಯ ಕೈಯಿಂದ ಏನೂ ಕೆಡುವುದಿಲ್ಲ ಎಂದು ಊರಿನಲ್ಲಿ ಯಾರಿಗಾದರೂ ನಿಶ್ಚಯವಾಗಿ ಗೊತ್ತಿದ್ದರೆ ಅದು ಈ ಒಬ್ಬ ಹೆಂಗಸಿಗೆ. ಗೊತ್ತಿದ್ದೂ ನನ್ನ ಮುಂದಿನ ಕುಕ್ಕೆ ಎತ್ತಿಕೊಂಡು ಹೋದರು. ಈಗ ಸೆರಗಿನಲ್ಲಿ ಮುಚ್ಚಿ ತಂದಿದ್ದಾರೆ, ಕದ್ದ ಮಾಲಿನ ಹಾಗೆ.

ನಾನು ಕಡ್ಡಿ, ಗರಿ, ನೂಲು ಎಲ್ಲವನ್ನೂ ಬಾಚಿಕೊಂಡು ಮನೆಯೊಳಗಿಂದ ಹಾದು ಮುಂದಿನ ಜಗುಲಿಗೆ ಹೋಗಿ ಕೂತೆ. "ಲೇ, ಒಳೀಕ್ ಬಾಮ್ಮಿ" ಎನ್ನುತ್ತ ಅತ್ತೆ ಹೊಸ್ತಿಲವರೆಗೆ ಬಂದರು. ನಾನು ತಿರುಗಿ ನೋಡಲಿಲ್ಲ. ಬೇಲದಂಟು ನೆನೆಸಿ, ಬೀದಿಯಲ್ಲಿ ಹೋಗುವವರೆಲ್ಲ ನೋಡಲಿ ಎಂದೇ ನಿಧಾನವಾಗಿ ಕಟ್ಟಿದೆ. ಅವಸರ ಮಾಡಿ ಹಾಳುಮಾಡಿಕೊಳ್ಳುವ ಸಿಟ್ಟಲ್ಲ ಅದು. ನೂಲಿನ ಒಂದು ಸುತ್ತೂ ಇನ್ನೊಂದರ ಮೇಲೆ ಹತ್ತಲಿಲ್ಲ. ಅಷ್ಟು ಚೆನ್ನಾಗಿ ನಾನು ಹಿಂದೆ ಕಟ್ಟಿರಲಿಲ್ಲ, ಮುಂದೆಯೂ ಕಟ್ಟಲಿಲ್ಲ.

ಸುದ್ದಿ ಹೋಗಲು ಎಷ್ಟು ಹೊತ್ತು? ಹೊತ್ತು ಇಳಿಯುವ ಮುಂಚೆ ಗೌಡರೇ ಬಂದರು, ಹಿಂದೆ ಊರಿನ ನಾಲ್ಕು ಜನ. ಅಂಬು ನನ್ನ ತೊಡೆಯ ಮೇಲಿತ್ತು.

"ಯಾರು ಕಟ್ಟಿದ್ದು?" ಎಂದರು ಗೌಡರು.

ನಾನು ಎದ್ದು ನಿಂತೆ. ನಾನೇ ಎಂಬ ಆ ಒಂದು ಮಾತು ಹೇಳಲು ಒಂದು ವರ್ಷದಿಂದ ಕಾಯುತ್ತಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೊಸ್ತಿಲು ದಾಟಿ ಬಂದು ಅಂಬನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ನಾನ್ ಕಟ್ಟಿರದು. ಅವ್ಳು ನೂಲ್ ಇಡ್ಕಂಡಿದ್ಲು, ಅಷ್ಟೇಯ. ನಮ್ಮೋರು ಓದಾಗಿಂದ ನಾನೇ ಕಟ್ತಾ ಇವ್ನಿ. ಆಗೆಲ್ಲ ನೀವೇ ಒಡುದ್ರಲ್ಲ ಗೌಡ್ರೇ, ದಿಂಡ್ಗೆ ನಾಟ್ಲಿಲ್ವಾ? ಓದೊರ್ಸ ಮಾತ್ರ ಮುತ್ತೈದೆ ಕಟ್ಟುದ್ಲು, ಎಲ್ಲಿಗ್ ಓಯ್ತು ಅಂಬು?"

ಗೌಡರ ಮುಖ ಕಪ್ಪಾಯಿತು. ಜೊತೆಗಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಬಾಯಿಬಿಟ್ಟು ಬಯ್ಯಲು ಅವರಿಗೆ ಆಗಲಿಲ್ಲ, ಏಕೆಂದರೆ ಆ ವರ್ಷಗಳಲ್ಲಿ ಊರಿಗೆ ಒಳ್ಳೆಯದೇ ಆಗಿತ್ತು. ಕೊನೆಗೆ ಗೌಡರು ಅಂಬು ತೆಗೆದುಕೊಂಡು, ನಮ್ಮಿಬ್ಬರ ಮುಖವನ್ನೂ ನೋಡದೆ ಹೊರಟುಹೋದರು. ಮಾರನೆಯ ದಿನ ಅದು ಬಾಳೆದಿಂಡಿನ ನಟ್ಟನಡುವೆ ನಾಟಿತು.

"ಯಾಕಂಗಂದ್ರಿ?" ಎಂದು ಆ ರಾತ್ರಿ ಕೇಳಿದೆ.

"ಮುದ್ಕಿಗೇನ್ ಮಾಡಾರು. ನೀ ಈ ಊರಲ್ಲಿ ಬಾಳ್ಬೇಕಾದೋಳು" ಎಂದರು ಅತ್ತೆ.

ಅವರು ಹೇಳಿದ್ದು ನಿಜ. ನಾಳೆ ಊರಲ್ಲಿ ಒಂದು ಕರು ಸತ್ತರೂ ನನ್ನ ತಲೆಗೆ ಕಟ್ಟುತ್ತಿದ್ದರು. ನನ್ನನ್ನು ಉಳಿಸಿದರು, ಗೊತ್ತು. ಉಳಿಸಿದ್ದಕ್ಕೆ ಕಾಲು ಮುಟ್ಟಿ ನಮಸ್ಕಾರ ಮಾಡಬೇಕಿತ್ತೋ ಏನೋ. ನಾನು ಆ ವಾರವೆಲ್ಲ ಅವರ ಜೊತೆ ಮಾತು ಬಿಟ್ಟೆ.

ಅಲ್ಲಿಂದ ಮುಂದೆ ಊರಿಗೆ ಅದು ಅಜ್ಜಿಯ ಅಂಬು. ಮುತ್ತೈದೆಯ ಮಾತನ್ನು ಯಾರೂ ಎತ್ತಲಿಲ್ಲ. ಕಣ್ಣು ಪೂರ್ತಿ ಹೋದ ಮೇಲೂ ಅತ್ತೆ ಜಗುಲಿಯಲ್ಲಿ ಕೂರುತ್ತಿದ್ದರು, ನಾನು ನೂಲು ಹಿಡಿಯುವವಳ ಹಾಗೆ ಪಕ್ಕದಲ್ಲಿ ಕೂತು ಕಟ್ಟುತ್ತಿದ್ದೆ. ಮುಗಿದ ಮೇಲೆ ಬೆರಳಿನಿಂದ ಗರಿಗಳನ್ನು ಸವರಿ ನೋಡಿ, "ಸರ್ಯಾಗದೆ" ಎನ್ನುತ್ತಿದ್ದರು. ಆ ಮಾತು ಬೀದಿಗೆ ಕೇಳದ ಹಾಗೆ ಮೆಲ್ಲಗೆ.

ಅವರು ಸತ್ತಾಗ ಗೌಡರು ಬಂದು ಹೆಣದ ಹತ್ತಿರ ನಿಂತರು. "ಎಂತಾ ಕೈ. ಇನ್ ನಮ್ಮೂರಲ್ಲಿ ಗರಿ ಕಟ್ಟೋರಿಲ್ಲ" ಎಂದು ಟವೆಲಿನಿಂದ ಕಣ್ಣು ಒರೆಸಿಕೊಂಡರು. ನಾನು ಅಲ್ಲೇ, ಅವರ ಕೈಗೆಟುಕುವಷ್ಟು ಹತ್ತಿರದಲ್ಲಿ ಕೂತಿದ್ದೆ. ಬೆರಳ ಸಂದಿಯಲ್ಲಿ ಬೇಲದ ಅಂಟು ಇನ್ನೂ ಹೋಗಿರಲಿಲ್ಲ. ಆ ಕೈ ನನ್ನದು ಎನ್ನಬೇಕೆಂದು ಬಾಯಿ ತೆರೆದೆ. ಹೆಣದ ಮುಂದೆ ಹಾಗೆಂದವಳನ್ನು ಊರು ಏನನ್ನುತ್ತದೆ ಎಂದು ನನಗೆ ಗೊತ್ತಿತ್ತು. ಜೋರಾಗಿ ಅತ್ತುಬಿಟ್ಟೆ. ಪಾಪ, ಅತ್ತೆಯನ್ನು ಕಂಡರೆ ಎಷ್ಟು ಪ್ರೀತಿ ಎಂದರು ಎಲ್ಲರೂ.